ನೀರಿನ ಟಾಕಿಯ ಹಿಂದೆ

ಬೆಟಗೇರಿ
21 ನವೆಂಬರ್ 2025, ಶುಕ್ರವಾರ

ಗಂಗಾಳ ಅಪ್ಪಾಜಿಯವರಿಗೆ ಶಿವರಂಜನಿಯ ನಮಸ್ಕಾರ.

‘ನಾವಿಲ್ಲಿ ಕ್ಷೇಮ’ ಎಂದು ಬರೆದು ಹೊಡೆದು ಹಾಕಿ, ಬೇರೆ ಹಾಳೆ ತೆಗೆದುಕೊಂಡಿದ್ದೇನೆ. ಗಂಗಾ ಬದುಕಿದ್ದಾಳೆ. ಮೊದಲು ಅದನ್ನು ಓದಿಕೊಳ್ಳಿ, ಉಳಿದದ್ದನ್ನು ಕುಳಿತು ಓದಿ.

ಫೋನು ಮಾಡಬಾರದಿತ್ತೇ ಎನ್ನುತ್ತೀರಿ. ನಿನ್ನೆ ಮಧ್ಯಾಹ್ನದಿಂದ ಹನ್ನೊಂದು ಸಲ ಮಾಡಿದ್ದೇನೆ, ಕೂಸು ಪಕ್ಕದಲ್ಲೇ ಮಲಗಿ ಲೆಕ್ಕ ಇಟ್ಟಿದೆ. ಒಂದು ಸಲ ನಿಮ್ಮ ಅವ್ವ ಎತ್ತಿದರು. ಹೀಗಾಗಿದೆ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ, “ಮುಂಡರಗಿ ಬೀಗರು ಬಂದು ಕುಂತಾರ, ಈಗ ಬ್ಯಾಡ. ಆಮ್ಯಾಲೆ ಅವನ ಕಡೆ ಮಾಡಸ್ತೀನಿ” ಎಂದು ಇಟ್ಟುಬಿಟ್ಟರು. ಅವರ ಆ ‘ಆಮ್ಯಾಲೆ’ ಇನ್ನೂ ಬಂದಿಲ್ಲ. ಅದಕ್ಕೇ ಪಾಂಡಪ್ಪ ಕಾಕಾನನ್ನು ಲಕ್ಷ್ಮೇಶ್ವರದ ಬಸ್ಸು ಹತ್ತಿಸುತ್ತಿದ್ದೇನೆ. ಅಂಗಡಿಗೇ ಬಂದು ನಿಮ್ಮ ಕೈಗೇ ಕೊಡುತ್ತಾನೆ. ನೀವು ಓದಿ ಮುಗಿಸುವ ತನಕ ಅಲ್ಲಿಂದ ಕದಲಬೇಡ ಎಂದು ಹೇಳಿದ್ದೇನೆ.

ಸಂಕ್ರಾಂತಿ ಮುಗಿದ ವಾರ ಹುಬ್ಬಳ್ಳಿಯ ಡಾಕ್ಟರು, ಏಳು ವರ್ಷದ ಕೂಸಿಗೆ ಸಕ್ಕರೆ ಕಾಯಿಲೆ, ಬದುಕಿರುವ ತನಕ ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಸೂಜಿ ಎಂದರು. ನೀವು ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತಿರಿ. ಆ ದಿನ ನಿಮ್ಮ ಮೇಲೆ ನನಗೆ ಎಷ್ಟು ಪ್ರೀತಿ ಬಂದಿತ್ತು ಗೊತ್ತೇ? ಮನೆಗೆ ಬಂದ ಮೇಲೆ ನಿಮ್ಮ ಅವ್ವ ಒಂದೇ ಮಾತು ಆಡಿದರು: “ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಈ ಮನೆತನದಾಗ ಈ ರೋಗ ಐತಿ ಅಂದ್ರ ನಮ್ಮ ಶಾಂಭವಿನ್ನ ಯಾರ ಮಾಡ್ಕೋತಾರ?” ನೀವೂ ತಂಗಿಯ ಮುಖ ನೋಡಿ ತಲೆ ಆಡಿಸಿದಿರಿ. ಬೆಟಗೇರಿಯ ಶಾಲೆ ಚಲೋ ಇದೆ ಎಂದು ಊರಿಗೆಲ್ಲ ಹೇಳಿ ನಮ್ಮಿಬ್ಬರನ್ನೂ ನನ್ನ ತವರಿಗೆ ಸಾಗಿಸಿದಿರಿ. “ಲಗ್ನ ಒಂದು ಆಗಿಹೋಗ್ಲಿ, ಆಮ್ಯಾಲೆ ಬೇಕಾದ್ರ ಡಂಗುರಾ ಹೊಡಿ” ಎಂದಿರಿ.

ಜೂನಿನಿಂದ ನಾನು ಹೇಗೆ ದಿನ ದೂಡಿದ್ದೇನೆ ಎಂದು ನೀವು ಒಂದು ಸಲವೂ ಕೇಳಲಿಲ್ಲ. ಕೂಸಿಗೆ ಹೊಟ್ಟೆ ಸೂಕ್ಷ್ಮ, ಬಿಸಿಯೂಟ ಒಗ್ಗುವುದಿಲ್ಲ ಎಂದು ಶಾಲೆಗೆ ಸುಳ್ಳು ಹೇಳಿದೆ. ದಿನಾ ಊಟದ ಗಂಟೆ ಹೊಡೆಯುವ ಮುಂಚೆ ರೊಟ್ಟಿ ಡಬ್ಬಿ ಹಿಡಿದು ಗೇಟಿನಲ್ಲಿ ನಿಲ್ಲುತ್ತಿದ್ದೆ. ಶಾಲೆಯ ಅಡುಗೆ ಕೋಣೆಯ ಆಚೆ ನೀರಿನ ಟಾಕಿ ಇದೆ. ಅದರ ಹಿಂದೆ ಸೆರಗು ಮರೆ ಮಾಡಿ ಬೆರಳಿಗೆ ಚುಚ್ಚಿ, ಸಕ್ಕರೆ ನೋಡಿ, ಹೊಟ್ಟೆಗೆ ಸೂಜಿ ಹಾಕುತ್ತಿದ್ದೆ. ಯಾರಾದರೂ ಟೀಚರು “ಏನ್ರಿ ಗಂಗಾನ ಅವ್ವ” ಎಂದರೆ ಸಾಕು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಚೀಲ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಕಳ್ಳತನ ಮಾಡಿದವರಿಗೂ ಇಷ್ಟು ಹೆದರಿಕೆ ಇರಲಿಕ್ಕಿಲ್ಲ.

ನಿನ್ನೆ ಬೆಳಿಗ್ಗೆ ಸೂಜಿ ಹಾಕಿಸಿಕೊಂಡವಳು ಅರ್ಧ ರೊಟ್ಟಿ ಬಿಟ್ಟು ಓಡಿದಳು. ನಾನು ಬೆನ್ನು ಹತ್ತಿ ತಿನ್ನಿಸಲಿಲ್ಲ, ಅದು ನನ್ನ ತಪ್ಪು. ಎರಡನೇ ತಾಸು ಖೋಖೋ ಆಡಿಸಿದ್ದಾರೆ. ಸೂಜಿ ಬಿದ್ದು ಹೊಟ್ಟೆಗೆ ಕಡಿಮೆಯಾದರೆ ರಕ್ತದಲ್ಲಿ ಸಕ್ಕರೆ ಇಳಿದು ಕೂಸು ಕುಸಿಯುತ್ತದೆ ಎಂದು ಡಾಕ್ಟರು ನಮ್ಮಿಬ್ಬರಿಗೂ ಹೇಳಿದ್ದರು. ಆಡಿ ಬಂದು ಕುಳಿತವಳಿಗೆ ಕೈ ನಡುಗಿದೆ. ಚೀಲದಲ್ಲಿ ನಾನಿಟ್ಟ ಸಕ್ಕರೆ ಪೊಟ್ಟಣ ಇತ್ತು. ಕೈ ಹಾಕಿದ್ದಾಳೆ. ಪ್ರಿಯಾ ಟೀಚರು ಇತ್ತ ನೋಡಿದ್ದಾರೆ. ಕೈ ಹಿಂದಕ್ಕೆ ತೆಗೆದುಕೊಂಡಿದ್ದಾಳೆ. “ಏನಾಗೈತಿ ಗಂಗಾ?” ಎಂದು ಅವರು ಕೇಳಿದರೆ “ಏನಿಲ್ರಿ ಟೀಚರ್” ಎಂದಳಂತೆ. ಮೂರು ಸಲ ಕೇಳಿದರಂತೆ, ಮೂರು ಸಲವೂ ಅದೇ ಉತ್ತರ. ಆಮೇಲೆ ಬೆಂಚಿನಿಂದ ಜಾರಿದ್ದಾಳೆ.

ಜ್ವರ ಎಂದುಕೊಂಡು ಟೀಚರು ಅವಳನ್ನು ಎತ್ತಿ ತಂದು ಅಡುಗೆ ಕೋಣೆಯ ಕಟ್ಟೆಯ ಮೇಲೆ ಮಲಗಿಸಿದರು. ಅಡುಗೆ ಮಾಡುವ ಮೋತಿಬಿ ಮೈ ಮುಟ್ಟಿ ನೋಡಿ ಚೀರಿದಳಂತೆ: “ಜ್ವರ ಅಲ್ರೀ! ಜ್ವರ ಬಂದ್ರ ಮೈ ಸುಡತೈತಿ, ಇದು ಬೆವತು ತಣ್ಣಗಾಗೈತಿ. ನಂಗೂ ಶುಗರ್ ಐತಿ, ನಂಗ ಗೊತ್ತೈತಿ. ಜಲ್ದಿ ಸಕ್ರಿ ಕೊಡ್ರಿ!” ಸಕ್ಕರೆ ಒದ್ದೆ ಮಾಡಿ ಬೆರಳಿನಿಂದ ಕೂಸಿನ ವಸಡಿಗೆ ತಿಕ್ಕಿದ್ದಾಳೆ. ಆಟೋದಲ್ಲಿ ದವಾಖಾನೆ ಮುಟ್ಟಿಸುವವರೆಗೂ ತಿಕ್ಕುತ್ತಲೇ ಇದ್ದಳು. ನಾನು ಓಡಿ ಹೋದಾಗ, ಎಪ್ಪತ್ತರ ಮೇಲಿರಬೇಕಾದ ಸಕ್ಕರೆ ಮೀಟರಿನಲ್ಲಿ ಮೂವತ್ತೆಂಟು ತೋರಿಸುತ್ತಿತ್ತು. ಆಕೆಯ ಕಾಲಿಗೆ ಬಿದ್ದೆ. “ಟಾಕಿ ಹಿಂದ ನೀ ಸೂಜಿ ಹಾಕೂದು ದಿನಾ ನೋಡ್ತಿದ್ನೆವ್ವಾ. ಮುಚ್ಚಿ ಇಟ್ಟಾರ, ನಾ ಯಾಕ ಕೇಳ್ಲಿ ಅಂತ ಬಿಟ್ಟೆ” ಎಂದಳು. ಯಾರಿಂದ ಮುಚ್ಚಿಡಲು ನಮಗೆ ಆಗಲಿಲ್ಲವೋ ಆ ಒಬ್ಬಳಿಂದ ನಿಮ್ಮ ಮಗಳು ಉಳಿದಿದ್ದಾಳೆ.

ಗ್ಲೂಕೋಸ್ ಏರಿದ ಮೇಲೆ ಗಂಗಾ ಕಣ್ಣು ಬಿಟ್ಟು ಮೊದಲು ಕೇಳಿದ್ದು ನಿಮ್ಮನ್ನೇ. “ಅಪ್ಪಾಜಿ ಎಲ್ಲದಾರ? ಆರಾಮ ಅದಾರಿಲ್ಲೋ?” ಓದಿ ನಿಮ್ಮ ಕರುಳು ಚುರುಕ್ ಎಂದಿರಬಹುದು. ಅವಸರ ಮಾಡಬೇಡಿ. ಯಾಕೆ ಟೀಚರಿಗೆ ಹೇಳಲಿಲ್ಲ ಎಂದು ಕೇಳಿದರೆ, “ಆಣಿ ಮಾಡೀನಲ್ಲ” ಎಂದಳು. ಯಾರಿಗೂ ಹೇಳುವುದಿಲ್ಲ ಎಂದು ಆ ಕೂಸಿನಿಂದ ಆಣೆ ಮಾಡಿಸಿದ್ದಾರೆ. ಯಾರು ಎಂದು ಬರೆಯಲು ಈಗ ಕೈ ಬರುತ್ತಿಲ್ಲ.

ನಿಮ್ಮನ್ನು ಕೇಳುವುದು ಇಷ್ಟೇ. ಎಲ್ಲವನ್ನೂ ಹೆಡ್ ಮಾಸ್ತರರ ಮುಂದೆ ಹೇಳಿಬಿಟ್ಟೆ. ಬೈಯುತ್ತಾರೆ ಎಂದುಕೊಂಡಿದ್ದೆ. “ಗೊತ್ತಿಲ್ಲದ ಮ್ಯಾಲ ನಾವ ಹ್ಯಾಂಗ ನೋಡ್ಕೊಳ್ಳೋದ್ರಿ? ಡಾಕ್ಟರ ಚೀಟಿ ಹಚ್ಚಿ, ಗಂಡ ಹೆಂಡ್ತಿ ಇಬ್ರೂ ಸಹಿ ಮಾಡಿ ಬರದು ಕೊಡ್ರಿ” ಎಂದರು. ಕೊಟ್ಟರೆ ಪ್ರಿಯಾ ಟೀಚರು ಮೀಟರು ನೋಡಲು ಕಲಿಯುತ್ತಾರೆ, ಸಕ್ಕರೆ ಡಬ್ಬಿ ಅವರ ಮೇಜಿನ ಮೇಲಿರುತ್ತದೆ, ನಾನು ಆಫೀಸು ಕೋಣೆಯಲ್ಲೇ ಕುಳಿತು ಸೂಜಿ ಹಾಕಬಹುದು. ಕೊಡದಿದ್ದರೆ ಸೋಮವಾರದಿಂದ ಕೂಸನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದಿದ್ದಾರೆ. ಅವರದು ತಪ್ಪಿಲ್ಲ. ನನ್ನ ಸಹಿ ಆಗಿದೆ. ಕಾಗದ ಇದರ ಜೊತೆ ಇದೆ.

ಶಾಂಭವಿಯ ಮದುವೆ ಮುರಿಯಲಿ ಎಂದು ನಾನು ಯಾವ ದೇವರಿಗೂ ಕೇಳಿಕೊಂಡಿಲ್ಲ. ಆದರೆ ನನ್ನ ಮಗಳು ಸತ್ತು ಆ ಮನೆಯಲ್ಲಿ ಹಂದರ ಏಳುವುದಾದರೆ ಆ ಹಂದರಕ್ಕೆ ನಾನು ಬರಲಾರೆ. ನನಗೆ ದಾರಿ ಕಾಣದಾಗಿದೆ. ಕೈ ಮುಗಿದು ಕೇಳುತ್ತೇನೆ, ಸಹಿ ಹಾಕಿ.

ನಿಮ್ಮ ಸಿಟ್ಟಿಗೂ ಹೆದರದಷ್ಟು ಹೆದರಿರುವ,
ಶಿವರಂಜನಿ

ತಾ.ಕ.: ಆಣೆ ಮಾಡಿಸಿದ್ದು ನಿಮ್ಮ ಅವ್ವ ಎಂದುಕೊಂಡಿರುತ್ತೀರಿ. ನಾನೇ ಬೇಕೆಂದು ಹಾಗೆ ಬರೆದೆ. ಅವರಲ್ಲ, ನಾನು. ದಸರಾ ರಜೆಗೆ ನಾವು ಅಲ್ಲಿಗೆ ಬಂದಿದ್ದಾಗ, ಮುಂಡರಗಿಯವರು ಶಾಂಭವಿಯನ್ನು ನೋಡಲು ಬಂದ ದಿನ, ಗಂಗಾ ತನ್ನ ಮೀಟರನ್ನು ಎಲ್ಲರಿಗೂ ತೋರಿಸುತ್ತೇನೆ ಎಂದು ಪಡಸಾಲೆಗೆ ಹೊರಟಿದ್ದಳು. ಅಡುಗೆಮನೆ ಬಾಗಿಲಲ್ಲಿ ರಟ್ಟೆ ಹಿಡಿದು ನಿಲ್ಲಿಸಿ, ‘ಅಪ್ಪಾಜಿ ಮ್ಯಾಲೆ ಆಣಿ ಮಾಡು. ಯಾರಿಗರ ಗೊತ್ತಾತು ಅಂದ್ರ ಅಪ್ಪಾಜಿ ಸಾಯ್ತಾರ’ ಎಂದೆ. ನನ್ನ ಮೇಲಾದರೆ ಮೀರಿಯಾಳು, ನಿಮ್ಮ ಮೇಲಾದರೆ ಎಂದೂ ಮೀರಲಾರಳು ಎಂದು ನನಗೆ ಗೊತ್ತಿತ್ತು. ಹೆಡ್ ಮಾಸ್ತರರಿಗೆ ನಾನು ಹೇಳಿದ್ದು ಈಗ ಅವಳ ಕಿವಿಗೆ ಬಿದ್ದಿದೆ. ಆಣೆ ಸುಳ್ಳು, ನಾನು ಹಿಂದಕ್ಕೆ ತೆಗೆದುಕೊಂಡೆ ಎಂದರೆ ನಂಬುವುದಿಲ್ಲ. “ಹಂಗಾರ ಅಪ್ಪಾಜಿ ಫೋನ್ ಯಾಕ ಎತ್ತವಲ್ರು?” ಎನ್ನುತ್ತಾಳೆ. ರಾತ್ರಿ ದವಾಖಾನೆಯಿಂದ ಮನೆಗೆ ಬಂದವಳು ಬೆಳಗಿನಿಂದ ತುತ್ತು ಮುಟ್ಟಿಲ್ಲ. ಉಣ್ಣದ ಕೂಸಿಗೆ ಊಟದ ಸೂಜಿ ಹಾಕುವಂತಿಲ್ಲ, ಹಾಕದೆ ಇಡುವಂತೆಯೂ ಇಲ್ಲ. ಸಹಿ ನಾಳೆ ಹಾಕಿದರೂ ನಡೆದೀತು. ಪಾಂಡಪ್ಪ ಕಾಕಾನ ಜೊತೆಗೇ ಹೊರಟು ಬಂದು ಅವಳ ಮುಂದೆ ನಿಲ್ಲಿ.