ಅಲುಗದ ಮಕ್ಕಳು

ಹುಮನಾಬಾದ್,
೬ ಡಿಸೆಂಬರ್ ೨೦೨೪, ಶುಕ್ರವಾರ

ಪ್ರೀತಿಯ ತಂಗಿ ರೂಪಾಲಿಗೆ,

ನಿನ್ನ ಸಂಗಕ್ಕನ ಆಶೀರ್ವಾದ. ಬಸವಕಲ್ಯಾಣದಲ್ಲಿ ನೀವೆಲ್ಲ ಆರಾಮವಾಗಿದ್ದೀರಿ ಅಂದುಕೊಂಡಿದ್ದೇನೆ. ಹದಿನೈದು ದಿನದಿಂದ ನಿನ್ನ ಫೋನು ಎತ್ತಿಲ್ಲ, ಸಿಟ್ಟು ಮಾಡಿಕೊಳ್ಳಬೇಡ. ಬಾಯಿಂದ ಹೇಳಲು ಆಗದ್ದಕ್ಕೆ ಬರೆಯಲು ಕೂತಿದ್ದೇನೆ.

ನಿನ್ನ ಹೊಸ ಅಂಗನವಾಡಿಯಲ್ಲಿ ಮಕ್ಕಳು ಒಂದು ಗಳಿಗೆಯೂ ಕೂರುವುದಿಲ್ಲ, ನಾನು ಹೇಗೆ ಕಲಿಸಿದೆ ಎಂದು ನೀನು ಕೇಳಿದ್ದೆ. ಹೌದು, ನನ್ನ ಇಪ್ಪತ್ತೆರಡು ಮಕ್ಕಳು ತಟ್ಟೆಯಲ್ಲಿ ತತ್ತಿ ಇಟ್ಟರೂ ಎಲ್ಲರಿಗೂ ಬಡಿಸುವ ತನಕ ಮುಟ್ಟುವುದಿಲ್ಲ. ‘ಕೈ ಕಟ್ರಿ’ ಅಂದರೆ ಸಾಕು, ಗಪ್‌ಚಿಪ್. ನನಗೆ ಅದರ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ?

ಹೋದ ತಿಂಗಳು ಸೂಪರ್‌ವೈಸರ್ ಮೇಡಂ ಬಂದರು. ಅರ್ಧ ತಾಸು ಅಂದವರು ಎರಡೂವರೆ ತಾಸು ಕೂತರು. ಒಂದು ಮಗುವೂ ಅಲುಗಲಿಲ್ಲ. “ಭಾಳ ಶಿಸ್ತ ಕಲಿಸೀರಿ ಸಂಗಮ್ಮ!” ಅಂದರು. ನಾನು ಉಬ್ಬಿಹೋದೆ. ಅವರ ಗಾಡಿ ಹೊರಟ ಮೇಲೆ ನೋಡಿದರೆ ನಾಲ್ಕು ವರ್ಷದ ಮುಸ್ಕಾನ ಹೊಟ್ಟೆ ಹಿಡಿದುಕೊಂಡು ಬೆವರುತ್ತಿದ್ದಳು. ಒಂದಕ್ಕೆ ತಡೆದುಕೊಂಡು ಕೂತಿತ್ತು ಕೂಸು. ಎತ್ತಿಕೊಂಡು ಓಡಿದೆ. ಕೂರಿಸಿದರೆ, ಉರಿ ಉರಿ ಎಂದು ಚೀರಿತು.

ರಾತ್ರಿಯೇ ಜ್ವರ. ಮೂರು ದಿನ ಆಸ್ಪತ್ರೆ. ದಿನಾ ತಡೆದು ತಡೆದು ಸೋಂಕಾಗಿದೆ ಎಂದರಂತೆ ಡಾಕ್ಟರು. ನಾನು ಹೋದಾಗ ಸೂಜಿ ಚುಚ್ಚುತ್ತಿದ್ದರು. ಬಾಯಿಬಿಟ್ಟು ಅಳುತ್ತಿದ್ದವಳು ನನ್ನನ್ನು ಕಂಡದ್ದೇ ತಡ, ಗಪ್ಪನೆ ತುಟಿ ಮುಚ್ಚಿದಳು. ನಾನು ಬಾಗಿಲಿಗೆ ಸರಿದೆ ರೂಪಾ.

ಅವಳ ತಾಯಿ ಸರ್ವರಿ ನನ್ನನ್ನು ಹೊರಗೆ ಕರೆದಳು. “ಟೀಚರ್, ಖರೆ ಹೇಳ್ರಿ. ಆ ದಿನ ಆಕಿ ನಿಮಗ ಕೇಳಿದ್ಳೋ ಇಲ್ಲೋ? ಮನ್ಯಾಗೂ ಈಗ ಕೇಳದ ಎದ್ದ ಹೋಗಂಗಿಲ್ರಿ.”

“ಇಲ್ಲವ್ವ. ಕೇಳಿದ್ರ ನಾ ಕಳಸ್ತಿದ್ದಿಲ್ಲೇನ?” ಅಂದೆ.

ಸರ್ವರಿ ಒಳಗೆ ಹೋಗಿ, ನಿನಗೆ ಬಾಯಿರಲಿಲ್ಲವೇ ಎಂದು ಮಗಳನ್ನು ಗದರಿದಳು. ಬೆನ್ನಿಗೊಂದು ಏಟನ್ನೂ ಹಾಕಿದಳು. ಮುಸ್ಕಾನ ನನ್ನನ್ನೇ ನೋಡುತ್ತಿದ್ದಳು.

ಈಗ ಗುಣವಾಗಿದ್ದಾಳೆ. ಸೋಮವಾರದಿಂದ ಮತ್ತೆ ಕಳಿಸುತ್ತಾಳಂತೆ ಸರ್ವರಿ, ನನ್ನ ಮೇಲೆ ಅಷ್ಟು ನಂಬಿಕೆ. ನೀನು ಮಕ್ಕಳಿಗೆ ಕಾಯುವುದನ್ನು ಕಲಿಸು, ಬೇಡ ಅನ್ನುವುದಿಲ್ಲ. ಆದರೆ ಬೇಕಾದಾಗ ಎದ್ದು ಹೋಗುವುದನ್ನು ಮೊದಲು ಕಲಿಸು. ನಿನ್ನ ಮಕ್ಕಳಿಗೆಲ್ಲ ನನ್ನ ಮುದ್ದು. ನಿನ್ನ ಕೈಯಿಂದ ಯಾರಿಗೂ ನೋವಾಗದಿರಲಿ.

ನಿನ್ನ ಅಕ್ಕ,
ಸಂಗಮ್ಮ

ತಾ.ಕ.: ಮುಸ್ಕಾನ ಕೇಳಿದ್ದಳು. ಮೇಡಂ ಬೆನ್ನ ಹಿಂದೆ ಕಿರುಬೆರಳು ಎತ್ತಿದಳು, ಎರಡು ಸಲ. ನಾನು ಕಣ್ಣು ಬಿಟ್ಟು ಗದರಿಸಿದೆ. ಬೆರಳು ಮಡಚಿಕೊಂಡಳು. ಅವಳ ತಾಯಿಗೆ ನಾನು ಇದನ್ನು ಇನ್ನೂ ಹೇಳಿಲ್ಲ. ಏಟು ತಿಂದರೂ ಮುಸ್ಕಾನಳೂ ಹೇಳಿಲ್ಲ.