ಪ್ರೊಜೆಕ್ಟರಿಗೆ ಗಾಳಿ ಹಾಕಿದ್ದು

ಲೇಹ್, ಮಂಗಳವಾರ

ಅಪ್ಪಚ್ಚಿ, ಇಷ್ಟು ಎತ್ತರದಿಂದ ನಿನಗೊಂದು ನಮಸ್ಕಾರ.

ನಾವು ಉಳಿದುಕೊಂಡಿರುವ ಮನೆಯವರು ನಿನ್ನೆ ಪ್ರೊಜೆಕ್ಟರಿನಲ್ಲಿ ಸಿನಿಮಾ ತೋರಿಸಿದರು. ಇಲ್ಲಿ ಗಾಳಿ ತೆಳು, ಯಂತ್ರ ಬೇಗ ತಣಿಯುವುದಿಲ್ಲವಂತೆ. ಅದರ ಫ್ಯಾನು ಮಾತೇ ಕೇಳಿಸದಷ್ಟು ಅಬ್ಬರಿಸುತ್ತಿತ್ತು. ನನಗೇ ಅರಿವಿಲ್ಲದೆ ಕೈಗೆ ಸಿಕ್ಕ ಪೇಪರಿನಿಂದ ಅದಕ್ಕೆ ಗಾಳಿ ಹಾಕತೊಡಗಿದೆ. ಎಲ್ಲರೂ ನಕ್ಕರು. ನಿನ್ನ ಪ್ರೊಜೆಕ್ಟರಿನ ಫ್ಯಾನು ಕೆಟ್ಟಾಗ, ಮದುವೆಮನೆಗಳಲ್ಲಿ ಹಾಳೆಯ ಬೀಸಣಿಗೆ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದವಳು ನಾನಲ್ಲವೇ? “ಕೂಸೆ, ಬೀಸದು ನಿಲ್ಸಡ” ಎನ್ನುತ್ತಿದ್ದೆ ನೀನು, ನಿಲ್ಲಿಸಿದರೆ ಬಲ್ಬು ಸುಡುತ್ತದೆ ಎಂದು.

ತಲೆನೋವು ಇಳಿದಿದೆ, ಆಯಿಗೆ ಹೇಳು.

ಕಾರ್ಡಿನಲ್ಲಿ ಜಾಗ ಮುಗಿಯುತ್ತಿದೆ. ಸಿದ್ದಾಪುರದ ಮದುವೆಯಲ್ಲಿ ಪ್ರೊಜೆಕ್ಟರಿನ ಬಲ್ಬು ಸುಟ್ಟದ್ದು, ನಾನು ಸಿನಿಮಾ ನೋಡುತ್ತ ಬೀಸಣಿಗೆ ಕೆಳಗಿಟ್ಟಿದ್ದರಿಂದ. ನೀನು ಎಲ್ಲರೆದುರು, “ವೋಲ್ಟೇಜು ಸರಿ ಇಲ್ಲೆ” ಅಂದೆ. ಗೊತ್ತಿದ್ದೂ ಹಾಗೆ ಅಂದೆಯಾ?

ನಿನ್ನ ಅಣ್ಣನ ಮಗಳು, ಗಗನಾ