ರೂಟರ್ ಪ್ಲಗ್ಗು, ಮೀನಿನ ಪಂಪು

ಅಪ್ಪಾ, ನಿನಗೊಂದು ದೊಡ್ಡ ನಮಸ್ಕಾರ. ಯುಪಿಎಸ್‌ನಿಂದ ರೂಟರ್ ಪ್ಲಗ್ ಕಿತ್ತು ಮೀನಿನ ತೊಟ್ಟಿಯ ಪಂಪ್ ಸಿಕ್ಕಿಸಿದ್ದು ಸಾಲದು ಅಂತ, ನಾನು ರೂಟರಿಗೆ ಅಂಟಿಸಿದ್ದ ‘ಕೀಳಬಾರದು’ ಚೀಟಿಯನ್ನೂ ಬಿಡಿಸಿ ಪಂಪಿಗೆ ಅಂಟಿಸಿದ್ದೀಯಲ್ಲ!

ಕರೆಂಟ್ ಹೋದಾಗ ‘ಕೆಲಸ ಉಳಿಸಿ ಆಫ್ ಆಗು’ ಅಂತ ಯುಪಿಎಸ್ ಕಂಪ್ಯೂಟರಿಗೆ ಹೇಳೋದೇ ಆ ರೂಟರ್ ಮೂಲಕ. ನಿನ್ನೆ ಮಧ್ಯಾಹ್ನ ಕರೆಂಟ್ ಹೋದಾಗ ಮೊದಲು ಕಣ್ಣು ಮುಚ್ಚಿದ್ದೇ ರೂಟರು. ಹೇಳೋರಿಲ್ಲದೆ ಕಂಪ್ಯೂಟರ್ ಬ್ಯಾಟರಿ ಮುಗಿಯೋವರೆಗೂ ಓಡಿ, ಟಪ್ಪಂತ ಆಫ್ ಆಯ್ತು. ತೆರೆದಿದ್ದ ಫೈಲ್ ಕೆಟ್ಟು, ಮೂರು ದಿನ ಕೂತು ಮಾಡಿದ ಗಿರಾಕಿಯ ಮದುವೆ ಆಲ್ಬಮ್ ನೀರುಪಾಲು. ನೀರಲ್ಲಿರೋ ನಿನ್ನ ಮೀನು ಮಾತ್ರ ಆರಾಮಾಗಿದೆ.

ಈಗ ಆಲ್ಬಮ್ ಮಾಡಿಸಿದ ಹುಡುಗಿ ಮನೆಯವರ ಮುಂದೆ ಕೈಕಟ್ಟಿ ನಿಲ್ಲೋಕೆ ಹೊರಟಿದ್ದೀನಿ.

ರೂಟರನ್ನ ವಾಪಸ್ ಸಿಕ್ಕಿಸಿದ್ದೀನಿ, ಮುಟ್ಟಬೇಡ. ಯುಪಿಎಸ್ ಹಿಂದುಗಡೆ ಇನ್ನೊಂದು ಸಾಕೆಟ್ ಖಾಲಿಯೇ ಇತ್ತು, ಬಗ್ಗಿ ನೋಡಿದ್ದರೆ ಕಾಣ್ತಿತ್ತು. ಪಂಪ್ ಈಗ ಅಲ್ಲಿದೆ.

ಹತ್ತು ಗಂಟೆಗೆ ರಿಪೇರಿಯವರು ಬರ್ತಾರೆ. ಕರೆಂಟ್ ಹೋದ ಐದು ನಿಮಿಷಕ್ಕೆ ಕಂಪ್ಯೂಟರ್ ತಾನೇ ಆಫ್ ಆಗೋ ಹಾಗೆ ಸೆಟ್ ಮಾಡಿಸು, ನಿಂತು ನೋಡು. ಪಾಸ್‌ವರ್ಡ್ ಕೇಳಿದರೆ ‘ಮೋಟುಬಾಲ’ ಅನ್ನು. ಹೌದು, ನಿನ್ನ ಆ ಮೀನಿನ ಹೆಸರೇ.

ನಗಬೇಡ. ಆ ಪಾಸ್‌ವರ್ಡ್ ಇಟ್ಟಾಗ ನನಗೆ ಸಿಟ್ಟು ಬಂದಿರಲಿಲ್ಲ.